ಐದು ಗಂಟೆಗೆ ಮುಚ್ಚಿದ ಪಟ್ಟಿ

ಯಾರೋ ತನ್ನ ಕುರ್ಚಿಯಲ್ಲಿ ಕೂತು ಎದ್ದು ಹೋಗಿದ್ದಾರೆ ಎಂದು ಉರುಕುಂದಪ್ಪನಿಗೆ ಕೋಣೆಯೊಳಗೆ ಕಾಲಿಟ್ಟ ಕೂಡಲೇ ಅನ್ನಿಸಿತು. ಕುರ್ಚಿ ಮೇಜಿಗೆ ಒತ್ತಿಕೊಂಡು ನಿಂತಿತ್ತು. ಸಂಜೆ ಹೋಗುವಾಗ ಅವನು ಅದನ್ನು ಒಂದು ಗೇಣು ಹಿಂದಕ್ಕೆ ಎಳೆದೇ ಇಡುತ್ತಿದ್ದ. ಇಡುತ್ತಿದ್ದನೇ? ನಿನ್ನೆಯೂ ಹಾಗೇ ಇಟ್ಟಿದ್ದನೇ? ಕಸ ಗುಡಿಸುವ ಬೂದೆಮ್ಮ ಸರಿಸಿರಬಹುದು ಎಂದುಕೊಂಡ. ಆದರೆ ಬೂದೆಮ್ಮ ಕಂಪ್ಯೂಟರ್ ಯಂತ್ರಕ್ಕೆ ಸೆರಗು ತಾಕಿ ಏನಾದರೂ ಆದೀತೆಂದು ಗೋಡೆ ಹಿಡಿದುಕೊಂಡೇ ಗುಡಿಸುವವಳು, ಎರಡು ವರ್ಷದಲ್ಲಿ ಒಮ್ಮೆಯೂ ಕುರ್ಚಿ ಮುಟ್ಟಿದವಳಲ್ಲ. ಹಾಗಾದರೆ ವಹೀದ್ ಸಾಹೇಬನೇ ಸೈ. ಅಬ್ದುಲ್ ವಹೀದ್, ನೀರಾವರಿ ಕಚೇರಿಯ ಹಳೇ ಗುಮಾಸ್ತ, ಯಂತ್ರದ ಮುಂದೆ ಕೂತರೆ ಕಣ್ಣು ಉರಿಯುತ್ತದೆ ಎಂದು ನಾಲ್ಕು ಜನರೆದುರು ಹೇಳುವವನು, ಯಾರೂ ಇಲ್ಲದಾಗ ಬಂದು ಕೀಲಿಗಳ ಮೇಲೆ ಬೆರಳಾಡಿಸುತ್ತಾನೆಂದು ಉರುಕುಂದಪ್ಪನಿಗೆ ಮೊದಲಿನಿಂದಲೂ ಗುಮಾನಿ. ಬಗ್ಗಿ ಕುರ್ಚಿಯ ಕಾಲು ನೋಡಿದ. ನೆಲದ ಧೂಳಿನಲ್ಲಿ ಎಳೆದ ಗುರುತೇನೋ ಇತ್ತು, ಯಾರು ಎಳೆದದ್ದೆಂದು ಹೇಳುವ ಗುರುತು ಇರಲಿಲ್ಲ. ಬೆಳಗಿನ ಒಂಬತ್ತಕ್ಕೇ ಕಿಟಕಿಯ ಸರಳು ಕೈಗೆ ಸುಡುತ್ತಿತ್ತು.

ಬೆಳಿಗ್ಗೆ ಆರಕ್ಕೆ ಕರೆಂಟು ಹೋಗಿ ಎಂಟೂವರೆಗೆ ಬಂದಿತ್ತು. ಏಪ್ರಿಲಿನ ರಾಯಚೂರಿನಲ್ಲಿ ಕರೆಂಟು ಹೋಗುವುದು ಒಂದು ಸುದ್ದಿಯೇ? ಯಂತ್ರದ ಬ್ಯಾಟರಿ ಹತ್ತು ನಿಮಿಷ ಏದುಸಿರು ಬಿಟ್ಟು ಸತ್ತಿರಬೇಕು. ಅವನು ಯಂತ್ರವನ್ನು ಮತ್ತೆ ಎಬ್ಬಿಸಿ, ಅದು ಗುರುಗುಟ್ಟಿ ಎಚ್ಚರಾಗುವುದನ್ನು ಕಾದು, ಪಟ್ಟಿಯನ್ನು ಅಚ್ಚಿಗೆ ಹಾಕಿದ. ರಾಯಚೂರು, ಮಾನವಿ, ದೇವದುರ್ಗ, ಮೂರು ತಾಲೂಕುಗಳಲ್ಲಿ ಹತ್ತು ವರ್ಷ ದಿನಗೂಲಿಯಾಗಿ ದುಡಿದವರ ಪಟ್ಟಿ ಅದು. ಅದರಲ್ಲಿ ಹೆಸರಿದ್ದವರ ನೌಕರಿ ಖಾಯಂ. ಇಲ್ಲದವರು ಜೀವಮಾನ ಪೂರ್ತಿ ದಿನಗೂಲಿ. ಬೆಂಗಳೂರಿನಿಂದ ಬಂದ ಸುತ್ತೋಲೆಯಲ್ಲಿ ಮಾತು ಕಡ್ಡಿ ಮುರಿದಂತಿತ್ತು: ಬುಧವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚಬೇಕು, ಆಮೇಲೆ ಅದನ್ನು ಓದಬಹುದೇ ಹೊರತು ಒಂದಕ್ಷರ ಬರೆಯುವಂತಿರಬಾರದು, ಗುರುವಾರ ಸಂಜೆಯ ರೈಲಿಗೆ ಅಚ್ಚಾದ ಪ್ರತಿ ಹೊರಡಬೇಕು. ಹಾಗೆಯೇ ಮಾಡಿದ್ದ ಉರುಕುಂದಪ್ಪ. ನಿನ್ನೆ ಐದಕ್ಕೆ ಸರಿಯಾಗಿ, ಪಟ್ಟಿ ಇದ್ದ ಡಿಸ್ಕಿಗೆ ಬರೆಯುವ ದಾರಿಯನ್ನೇ ಮುಚ್ಚುವ ಆಜ್ಞೆ ಕೊಟ್ಟು ಬೀಗ ಹಾಕಿದ್ದ. ಇನ್ನೂರಾ ಏಳನೆಯ ಸಾಲಿನಲ್ಲಿ ಅವನ ಹೆಸರೂ ಇತ್ತು: ಉರುಕುಂದಪ್ಪ ತಂದೆ ಪಕೀರಪ್ಪ, ಸಾ. ಗುಂಜಹಳ್ಳಿ. ಎಂಟು ವರ್ಷ ಟೈಪು ಹೊಡೆದು, ಎರಡು ವರ್ಷ ಈ ಯಂತ್ರದ ಮುಂದೆ ಕೂತು, ಇವತ್ತಿಗೂ ತಿಂಗಳ ಕೊನೆಯಲ್ಲಿ ಗಾರೆ ಕೆಲಸದವರ ಸಾಲಿನಲ್ಲಿ ನಿಂತು ಸಹಿ ಹಾಕುವವನು ಅವನು. ಕಾಗದ ಕರಕರ ಎನ್ನುತ್ತ ಹೊರಬರುವಾಗ ಬೇರೆ ಯಾವ ಹೆಸರನ್ನೂ ನೋಡದೆ ಅದೊಂದನ್ನೇ ಕಾದು, ಕಂಡ ಮೇಲೆ ಉಸಿರು ಬಿಟ್ಟ.

ವಹೀದ್ ಬಂದವನು ಕುರ್ಚಿಯ ಸುದ್ದಿಗೆ ಹೋಗದೆ ನೇರ ಕಾಗದಕ್ಕೆ ಕೈ ಹಾಕಿದ. ಕನ್ನಡಕ ಹಣೆಗೇರಿಸಿ, ಬೆರಳಿಗೆ ಉಗುಳು ಹಚ್ಚಿ, ಮಾನವಿ ತಾಲೂಕಿನ ಹಾಳೆಯನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲಕ್ಕೆ ಓದಿದ.

“ಉರುಕುಂದಪ್ಪಾ, ಪೋತ್ನಾಳ ಗೇಟಿನ ಮುದುಕಪ್ಪನ ಹೆಸರ ಎಲ್ಲದಪಾ?”

“ಯಾವ ಮುದುಕಪ್ಪ?” ಎಂದ ಉರುಕುಂದಪ್ಪ. ಕೇಳಿದ ಮೇಲೆ, ಇಷ್ಟು ಬೇಗ ಕೇಳಬಾರದಿತ್ತು ಅನ್ನಿಸಿತು.

“ಯಾವ ಮುದುಕಪ್ಪ ಅಂತೀಯಲ್ಲ! ಕಾಲುವಿ ಗೇಟ್ ಕಾಯೋನು. ನಿನ್ನಿ ಐದರ ಒಳಗ ಒಳಕೋಣಿ ಅಸ್ಮತ್ ಬೇಟಿ ಕೈಲಿ ಟೈಪ್ ಮಾಡಿಸೀನಿ. ಆಕೀ ತೆರಿ ಮ್ಯಾಲೆ ನಾನಽ ನೋಡೀನಿ. ಆ ಮುದುಕಪ್ಪಗೂ ಹಿಂದಿನ ಬಾಗಿಲಿಂದ ತೋರಿಸೀನಿ, ಇದ ನೋಡು ನಿನ್ನ ಹೆಸರು ಅಂತ.”

“ಡಿಸ್ಕಿನ್ಯಾಗ ಇಲ್ಲದ್ದು ಕಾಗದದಾಗ ಹೆಂಗ ಬರ್ತದ್ರೀ?”

“ಅದನ್ನ ನಾ ಕೇಳಾಕತ್ತೀನಿ. ಹೆಂಗ ಹೋಯ್ತು?”

ವಹೀದ್ ಇದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ. ತಣ್ಣಗೆ, ಕಣ್ಣಲ್ಲಿ ಕಣ್ಣಿಟ್ಟು ಹೇಳಿದ. ಅದೇ ಉರುಕುಂದಪ್ಪನಿಗೆ ತಡೆಯಲಾಗದೆ ಹೋಯಿತು. ಡಿಸ್ಕಿನ ಗುಪ್ತಪದ ಇದ್ದದ್ದು ಅವನೊಬ್ಬನ ಬಳಿ; ಮುಚ್ಚಿದವನು ಅವನು, ತೆರೆಯಬಲ್ಲವನೂ ಅವನೇ. ಇವನೂ ಆ ಅಸ್ಮತ್‌ಳೂ ಸೇರಿ ನನ್ನ ಕುತ್ತಿಗೆಗೆ ಏನೋ ಕಟ್ಟುತ್ತಿದ್ದಾರೆ ಎಂದು ಅವನಿಗೆ ಹೊಳೆಯಿತು. ಬರೆದೇ ಇಲ್ಲದ ಹೆಸರನ್ನು ಬರೆದೆವೆನ್ನುತ್ತಾರೆ, ನಾನು ಅಳಿಸಿದೆ ಅನ್ನುತ್ತಾರೆ, ಇನ್ನೂರಾ ಏಳನೆಯ ಸಾಲಿನ ಮೇಲೆ ಗೀಟು ಬೀಳುತ್ತದೆ. ವಹೀದ್‌ನ ಅಕ್ಕನ ಮಗ ಒಬ್ಬ ಟೈಪು ಕಲಿಯುತ್ತಿದ್ದಾನೆ ಎಂದು ಯಾರೋ ಹೇಳಿದ್ದರಲ್ಲ? ಸರಿ, ಅದೇ. ಕುರ್ಚಿಯೂ ಅದಕ್ಕೇ ಸರಿದದ್ದು. ಇಷ್ಟೆಲ್ಲ ಲೆಕ್ಕ ಕೂಡಿಬಂದಾಗ ಅವನಿಗೆ ಒಂದು ರೀತಿಯ ಸಮಾಧಾನವೇ ಆಯಿತು. ಆ ಲೆಕ್ಕದ ಬೆನ್ನ ಹಿಂದೆ ಅವನಿಗೆ ಗೊತ್ತಿದ್ದ ಇನ್ನೊಂದು ಮಾತಿತ್ತು, ಅದು ಅಷ್ಟು ಹೊತ್ತು ಸುಮ್ಮನಿತ್ತು.

ಒಳಕೋಣೆಯ ಬಾಗಿಲಿಗೆ ಹಸಿರು ಪರದೆ. ಅದರಾಚೆ ಅಸ್ಮತ್ ಕೂರುತ್ತಿದ್ದಳು, ಅದೇ ಯಂತ್ರಕ್ಕೆ ತಂತಿಯಿಂದ ಜೋಡಿಸಿದ ಎರಡನೆಯ ಟರ್ಮಿನಲ್ಲಿನ ಮುಂದೆ. ಹೆಣ್ಣುಮಗಳನ್ನು ಕೆಲಸಕ್ಕೆ ಕಳಿಸುವಾಗ ಅವಳ ತಾಯಿ ಕುಬ್ರಾ ಬೇಗಂ ಸ್ವತಃ ಬಂದು ಕೋಣೆ ನೋಡಿ, ಪರದೆ ಹಾಕಿಸಿ ಹೋಗಿದ್ದರು. ಅಂದಿನಿಂದ ಕಚೇರಿಯ ಗಂಡಸರಾರೂ ಅದನ್ನು ಸರಿಸಿ ಒಳಗೆ ಹೋದವರಲ್ಲ. ಕಾಗದವಿದ್ದರೆ ಪರದೆಯ ಅಂಚಿನಿಂದ ಕೈ ಚಾಚಬೇಕು, ಮಾತಿದ್ದರೆ ಹೊರಗಿನಿಂದ ಕೂಗಬೇಕು. ತಂದೆಯ ಗೆಳೆಯನೆಂದು ವಹೀದ್ ಒಬ್ಬನಿಗೆ ವಿನಾಯಿತಿ. ಅವನು ಹಿಂಬದಿಯ ವರಾಂಡದ ಬಾಗಿಲಿಂದ ಹೋಗಿ ಬರುತ್ತಿದ್ದ. ತರಬೇತಿಯಲ್ಲಿ ಉರುಕುಂದಪ್ಪನಿಗೆ ಹೇಳಿಕೊಟ್ಟದ್ದು ಬೇರೆ: ಡಿಸ್ಕು ಮುಚ್ಚುವ ಮುಂಚೆ ಒಂದೊಂದು ಟರ್ಮಿನಲ್ಲಿನ ಮುಂದೂ ಹೋಗಿ, ಕೂತವರನ್ನು ಎಬ್ಬಿಸಿ, ಅವರು ಹೊರಗೆ ಬಂದಿದ್ದನ್ನು ಕಣ್ಣಾರೆ ಕಂಡು, ಆಮೇಲೆ ಮುಚ್ಚಬೇಕು. ಹೇಳಿದವರಿಗೇನು, ಅವರು ಈ ಪರದೆ ನೋಡಿದ್ದರೇ? ಅವನು ತನ್ನದೇ ಒಂದು ರೂಢಿ ಮಾಡಿಕೊಂಡಿದ್ದ. ಪರದೆಯ ಈಚೆ ನಿಂತು “ಯಾರಾರ ಬರಿಯಾಕತ್ತೀರೇನ್ರೀ?” ಎಂದು ಕೂಗುವುದು. “ಇಲ್ಲ ಭಾಯಿ” ಎಂದು ಬಂದರೆ ಅಥವಾ ಏನೂ ಬಾರದಿದ್ದರೆ, ನಾಲ್ಕು ಹೆಜ್ಜೆ ಹಿಂದೆ ಬಂದು ಕೂತು ಆಜ್ಞೆ ಕೊಡುವುದು. ಎರಡು ವರ್ಷ ಹೀಗೇ ನಡೆದುಹೋಗಿತ್ತು.

ಕಚೇರಿಯ ದೊಡ್ಡ ಸಾಹೇಬರು ಶರಣಯ್ಯ ಹನ್ನೊಂದಕ್ಕೆ ಬಂದರು. ವಿಷಯ ಕೇಳಿ ಕೂರದೆ ನಿಂತೇ ವಿಚಾರಣೆಗೆ ತೊಡಗಿದರು. ಪರದೆಯಾಚೆಯಿಂದ ಅಸ್ಮತ್‌ಳ ದನಿ ಬಂತು.

“ಖುದಾ ಕೀ ಕಸಮ್ ಸಾಬ್, ಟೈಪ್ ಮಾಡೀನ್ರೀ ನಾನು. ತೆರಿ ಮ್ಯಾಲೆ ಬಂತು. ಎರಡ ಸಲ ತಗದು ನೋಡೀನಿ, ಎರಡೂ ಸಲ ಇತ್ತು.”

“ಎಷ್ಟ ಗಂಟೇಕ?”

“ಐದಕ್ಕ ಒಂದೆರಡ ನಿಮಿಷ ಇತ್ರೀ.”

“ಅದಕ್ಕಿಂತ ಮೊದಲ ಉರುಕುಂದಪ್ಪ ಕೂಗಿದ್ದು ಕೇಳಿಲ್ಲೇನು ನಿನಗ?”

“ನಾ ಆವಾಗ ಹಿಂದ ವರಾಂಡದಾಗ ಇದ್ದೆ ಸಾಬ್. ವಹೀದ್ ಚಾಚಾ ಕಾಗದ ತಂದಿದ್ರು, ಇಸ್ಕೊಳ್ಳಾಕ ಹೋಗಿದ್ದೆ.”

ಶರಣಯ್ಯ ಮೂಗು ಉಜ್ಜಿಕೊಂಡರು. ಅವರು ಕೆಟ್ಟವರಲ್ಲ. ಆದರೆ ಅವರ ಮುಂದೆ ನಿಂತಾಗಲೆಲ್ಲ ಉರುಕುಂದಪ್ಪನಿಗೆ ದೇವದುರ್ಗದ ಹಾಸ್ಟೆಲಿನ ವಾರ್ಡನ್ ಮುಂದೆ ತಟ್ಟೆ ಹಿಡಿದು ನಿಂತ ಹಾಗೆ ಆಗುತ್ತಿತ್ತು. ಯಂತ್ರ ಬಂದ ಹೊಸದರಲ್ಲಿ ಅವರು ನಗುತ್ತಲೇ ಅಂದಿದ್ದರು: “ಇಷ್ಟು ದೊಡ್ಡ ಸಾಮಾನು ನಿಮ್ಮಂಥ ಹುಡುಗ್ರ ಕೈಗೆ ಕೊಟ್ಟೀವಿ, ನೋಡೂಣು.” ನಿಮ್ಮಂಥ ಎಂದರೆ ಎಂಥ? ಕೇಳಲಿಲ್ಲ. ಆ ರಾತ್ರಿಯಷ್ಟೇ ಅಲ್ಲ, ಆ ವರ್ಷವಿಡೀ ತನ್ನನ್ನೇ ಕೇಳಿಕೊಂಡಿದ್ದ. ಮೂರು ತಿಂಗಳ ಹಿಂದೆ ದೇವದುರ್ಗದ ಒಂದು ಸಣ್ಣ ಪಟ್ಟಿಯಲ್ಲಿ ಬಾಲಮ್ಮ ಎಂಬ ಹೆಸರು ಹೀಗೆಯೇ ಸಂಜೆ ತೆರೆಯ ಮೇಲಿದ್ದು ಬೆಳಿಗ್ಗೆ ಕರೆಂಟು ಹೋಗಿ ಬಂದ ಮೇಲೆ ಇಲ್ಲವಾಗಿತ್ತು. ಅವನು ಎರಡು ಭಾನುವಾರ ಒಬ್ಬನೇ ಕೂತು ಅದರ ಮೂಲ ಹುಡುಕಿದ್ದ. ಹುಡುಕಿ ತಿಳಿದುಕೊಂಡಿದ್ದ. ಬಾಲಮ್ಮನ ಹೆಸರನ್ನು ಸುಮ್ಮನೆ ಮತ್ತೆ ಸೇರಿಸಿ, ಯಾರಿಗೂ ಬಾಯಿ ಬಿಡಲಿಲ್ಲ. ಹೇಳಿದ್ದರೆ ಯಂತ್ರದ ದೋಷ ಎನ್ನುತ್ತಿದ್ದರೇ? ಇವನಿಗೆ ಬರುವುದಿಲ್ಲ ಎನ್ನುತ್ತಿದ್ದರು. ಹೌದಪ್ಪ ಹೌದು, ಹಾಗೇ ಎನ್ನುತ್ತಿದ್ದರು.

ವರಾಂಡದ ಮೂಲೆಯಲ್ಲಿ ಮುದುಕಪ್ಪ ಕೂತಿದ್ದ. ಬೆಳಗಿನ ಬಸ್ಸಿಗೇ ಪೋತ್ನಾಳದಿಂದ ಬಂದಿದ್ದನಂತೆ, ಅಚ್ಚಾದ ಕಾಗದದಲ್ಲಿ ತನ್ನ ಹೆಸರನ್ನು ಇನ್ನೊಮ್ಮೆ ತೋರಿಸಿಕೊಂಡು ಹೋಗಲಿಕ್ಕೆ. ಓದು ಬಾರದವನು, ತೋರಿಸಿದರೆ ಸಾಕು, ನೋಡುತ್ತಿದ್ದ. ಈ ಬಿಸಿಲಿನಲ್ಲೂ ಹೆಗಲ ಮೇಲೆ ಕಂಬಳಿ, ಕಿವಿಯಲ್ಲಿ ಒಂಟಿ ಉಂಗುರ. ನೀರು ಕುಡಿಯಲು ಎದ್ದ ಉರುಕುಂದಪ್ಪ ಅವನ ಮುಂದೆಯೇ ಹಾದು ಹೋಗಬೇಕಾಯಿತು. ಮುದುಕಪ್ಪ ತಲೆಯೆತ್ತಿ ನೋಡಿ ಕೈ ಮುಗಿದ. ಆ ನಮಸ್ಕಾರದಲ್ಲಿ ಏನೋ ಕೊಂಕಿದೆಯೆಂದು ಉರುಕುಂದಪ್ಪನಿಗೆ ಅನ್ನಿಸಿತು: ನನಗೆ ಗೊತ್ತು ನೀನು ಯಾರು, ಯಾರ ಮಗ, ನಿನ್ನ ಕೈಲಿ ಏನಾಗುತ್ತದೆ ನೋಡುತ್ತೇನೆ ಅನ್ನುವಂತೆ. ಹೂಜಿಯಿಂದ ನೀರು ಬಗ್ಗಿಸುವಾಗ ಅಂಗಿಯ ಮೇಲೆ ಚೆಲ್ಲಿಕೊಂಡ.

“ಬಾಳ ಬಿಸಲದ್ರೀ ಇಲ್ಲಿ” ಎಂದ ಮುದುಕಪ್ಪ.

ದನಿ ಅದೇ. ಹದಿನೈದು ವರ್ಷಕ್ಕೆ ಅದಕ್ಕೆ ಒಂದಿಷ್ಟು ಕಫ ಸೇರಿತ್ತು, ಅಷ್ಟೆ. ಪೋತ್ನಾಳದ ಕಾಲುವೆಯ ಹೂಳು ತೆಗೆಯುವ ಕೆಲಸ, ಎಪ್ಪತ್ತಮೂರನೇ ಇಸವಿ. ಗುಂಜಹಳ್ಳಿಯಿಂದ ನಲವತ್ತು ಮಂದಿ ಹೋಗಿದ್ದರು, ಅವನ ತಾಯಿ ಮಾನಮ್ಮ ಆರು ತಿಂಗಳ ಕೂಸನ್ನು ಕಟ್ಟಿಕೊಂಡು, ರಜೆಗೆ ಬಂದಿದ್ದ ಅವನನ್ನು ಕೂಸು ಕಾಯಲಿಕ್ಕೆ ಕರೆದುಕೊಂಡು. ದಿನಾ ಬೆಳಿಗ್ಗೆ ಒಡ್ಡಿನ ಮೇಲೆ ಮೇಸ್ತ್ರಿ ಹಾಜರಿ ಪುಸ್ತಕ ಬಿಚ್ಚಿ ಕೂರುತ್ತಿದ್ದ, ಮುದುಕಪ್ಪ ಪಕ್ಕದಲ್ಲಿ ನಿಂತು ಹೆಸರು ಕೂಗುತ್ತಿದ್ದ. ಓದು ಬಾರದಿದ್ದರೂ ಮುನ್ನೂರು ಹೆಸರು ಅವನಿಗೆ ಬಾಯಿಪಾಠ, ಸಾಲು ತಪ್ಪದಂತೆ. ಅವತ್ತು ಕೂಸು ಬೆಳಗಿನಿಂದ ರಚ್ಚೆ ಹಿಡಿದಿತ್ತು. ಮಾನಮ್ಮ ಒಡ್ಡಿನ ಮರೆಗೆ ಕೂತು ಮೊಲೆಯೂಡುತ್ತಿದ್ದಳು. “ಗುಂಜಹಳ್ಳಿ ಮಾನಮ್ಮ!” ಎಂದು ಮುದುಕಪ್ಪನ ದನಿ ಬಂತು. “ಅದೀನ್ರೀಯಪ್ಪಾ!” ಎಂದು ಅವಳು ಕೂತಲ್ಲಿಂದಲೇ ಕೂಗಿದಳು. ಅವನು ಕೇಳಿದ. ಅವನು ಅವರಿಬ್ಬರ ನಡುವೆ ನಿಂತಿದ್ದ, ಅವನ ಕಿವಿಗೆ ಚೆನ್ನಾಗಿ ಬಿತ್ತು. ಮುದುಕಪ್ಪ ಅರೆಕ್ಷಣ ನಿಲ್ಲಿಸಿದ. ನಿಲ್ಲಿಸಿ, ಮುಂದಿನ ಹೆಸರಿಗೆ ಹೋದ. ಅವಳು ಸೆರಗು ಸರಿಮಾಡಿಕೊಂಡು ಓಡಿ ಬರುವಷ್ಟರಲ್ಲಿ ಮೇಸ್ತ್ರಿ ಪುಸ್ತಕ ಮುಚ್ಚಿದ್ದ. “ಪುಸ್ತಕ ಮುಚ್ಚೇದ, ನಾಳೆ ಬಾ” ಎಂದಿದ್ದು ಮುದುಕಪ್ಪನೇ. ಅವಳು ಹೋಗಲಿಲ್ಲ. ಸಂಜೆಯ ಹೊತ್ತಿಗೆ ಕರುಣೆ ಬಂದೀತೆಂದು ಎಲ್ಲರ ಸಮ ಹೆಸರಿಲ್ಲದೆ ಹೂಳು ಹೊತ್ತಳು, ಹೊತ್ತು ಬರಿಗೈಯಲ್ಲಿ ಬಂದಳು. ಆ ಅರೆಕ್ಷಣವೇ ಅವನನ್ನು ತಿಂದದ್ದು. ಕೇಳಿಸಿದ್ದಕ್ಕೇ ನಿಂತನೋ, ಅಥವಾ ಉಸಿರು ತೆಗೆದುಕೊಳ್ಳಲಿಕ್ಕೆ ನಿಂತನೋ? ಹಾಸ್ಟೆಲಿನ ಹಾಸಿಗೆಯಲ್ಲಿ, ಬಸ್ಸಿನ ಕಿಟಕಿಯಲ್ಲಿ, ತಾಯಿ ಸತ್ತ ದಿನ ಗುಣಿಯ ಪಕ್ಕದಲ್ಲಿ ನಿಂತೂ ಅವನು ಅದನ್ನೇ ಕೇಳಿಕೊಂಡಿದ್ದ. ಪ್ರತಿ ಸಲವೂ ಬಂದ ಉತ್ತರ ಒಂದೇ: ಕೇಳಿಸಿತ್ತು ಆ ಮಗನಿಗೆ.

ಮಧ್ಯಾಹ್ನ ಒಂದರ ಹೊತ್ತಿಗೆ ಶರಣಯ್ಯ ಒಂದು ತೀರ್ಮಾನಕ್ಕೆ ಬಂದ ಹಾಗಿತ್ತು. ವಹೀದ್‌ನನ್ನೂ ಉರುಕುಂದಪ್ಪನನ್ನೂ ಎದುರಿಗೆ ನಿಲ್ಲಿಸಿಕೊಂಡು, ಪರದೆಯಾಚೆಗೂ ಕೇಳುವಂತೆ ಹೇಳಿದರು.

“ನೋಡ್ರಿ, ಎರಡರಾಗ ಒಂದು ಖರೇ ಇರಬೇಕು. ಆ ಹುಡುಗಿ ಬರದದ್ದು ಖರೇ ಅಂದ್ರ ಉರುಕುಂದಪ್ಪ ಅಳಿಸ್ಯಾನ. ಉರುಕುಂದಪ್ಪ ಅಳಿಸಿಲ್ಲ ಅಂದ್ರ ಆಕೀ ಬರದಽ ಇಲ್ಲ, ನೀವಿಬ್ರೂ ಐದು ಆದ ಮ್ಯಾಲೆ ಸೇರಿಸಾಕ ಕಥಿ ಕಟ್ಟೀರಿ. ಯಂತ್ರದಾಗ ಅಳಿಸಿದ ಗುರುತಿಲ್ಲ. ಹಂಗಾಗಿ ನಾ ಆ ಹುಡುಗಿ ಮ್ಯಾಲೆ ವರದಿ ಬರಿಯೋನು. ಮುದುಕಪ್ಪಗ ಹೇಳ್ರಿ, ಆತನ ನಸೀಬು ಅಷ್ಟಽ.”

ಪರದೆಯಾಚೆ ಅಳು ಕೇಳಿತು. ಬಾಯಿಗೆ ದುಪಟ್ಟಾ ಒತ್ತಿ ಹಿಡಿದ, ಯಾರಿಗೂ ಕೇಳಬಾರದೆಂಬ ಅಳು. ವಹೀದ್ ಕನ್ನಡಕ ತೆಗೆದು ಕೈಯಲ್ಲಿ ಹಿಡಿದು ನಿಂತ. ಕನ್ನಡಕವಿಲ್ಲದ ಆ ಮುಖದಲ್ಲಿ ಸಂಚಿನ ಒಂದು ಗೆರೆಯನ್ನೂ ಉರುಕುಂದಪ್ಪನಿಗೆ ಹುಡುಕಲಾಗಲಿಲ್ಲ, ಎಷ್ಟು ಹುಡುಕಿದರೂ. ಸುಮ್ಮನಿದ್ದರೆ ಮುಗಿಯಿತು. ಪಟ್ಟಿ ರೈಲು ಹತ್ತುತ್ತದೆ, ಇನ್ನೂರಾ ಏಳನೆಯ ಸಾಲು ಖಾಯಮ್ಮಾಗುತ್ತದೆ. ಸುಮ್ಮನಿರು, ಸುಮ್ಮನಿರು ಎಂದು ಒಳಗೆ ಯಾರೋ ಅಂಗಿ ಹಿಡಿದು ಜಗ್ಗುತ್ತಿದ್ದರು. ಅವನಿಗೆ ಭಯವಾಗಿತ್ತು. ಆ ಭಯದಲ್ಲೇ ಬಾಯಿ ತೆರೆದ.

“ಸಾಹೇಬ್ರ, ಮೂರನೇದೂ ಒಂದು ಅದ. ಆಕೀ ಬರದದ್ದೂ ಖರೇ, ನಾ ಅಳಿಸದಿದ್ದದ್ದೂ ಖರೇ.”

“ಅದೆಂಗ?”

ಅವನು ಹೇಳಿದ. ಮುಚ್ಚು ಎಂದು ಆಜ್ಞೆ ಕೊಟ್ಟ ಕೂಡಲೇ ಯಂತ್ರ ಮುಚ್ಚುವುದಿಲ್ಲ. ಮೊದಲು ಯಾರಾದರೂ ಬರೆಯುತ್ತಿದ್ದಾರೋ ಎಂದು ಓಣಿಯಲ್ಲಿ ಮನೆ ಮನೆ ಬಾಗಿಲು ತಟ್ಟಿದ ಹಾಗೆ ಒಂದೊಂದೇ ಕಡತವನ್ನು ಕೇಳುತ್ತ ಹೋಗುತ್ತದೆ. ಯಾರಾದರೂ ಇದ್ದರೆ ಆಗದು ಎಂದು ತಿರುಗಿ ಹೇಳುತ್ತದೆ. ಯಾರೂ ಇಲ್ಲವೆಂದರೆ ಮುಚ್ಚುತ್ತದೆ. ಆದರೆ ತಟ್ಟಿ ಮುಂದಕ್ಕೆ ಹೋದ ಮನೆಯೊಳಗೆ ಅದರ ಬೆನ್ನ ಹಿಂದೆ ಯಾರಾದರೂ ಹೊಕ್ಕರೆ ಅದಕ್ಕೆ ತಿಳಿಯುವುದಿಲ್ಲ. ಹೊಕ್ಕವರಿಗೂ ತಿಳಿಯುವುದಿಲ್ಲ, ಬರೆಯುತ್ತಾರೆ. ಬರೆದದ್ದು ಯಂತ್ರದ ನೆನಪಿನಲ್ಲಿ ಇರುತ್ತದೆ, ತೆರೆಯ ಮೇಲೆ ಕಾಣುತ್ತದೆ, ಡಿಸ್ಕಿಗೆ ಇಳಿಯುವುದೇ ಇಲ್ಲ. ಕರೆಂಟು ಹೋದರೆ ನೆನಪೂ ಹೋಯಿತು.

“ಮತ್ತ ಬೆಳಿಗ್ಗಿಂದ ಬಾಯಾಗ ಏನ್ ಇಟ್ಕೊಂಡಿದ್ದಿ?” ಎಂದರು ಶರಣಯ್ಯ. “ಮಾಡಿ ತೋರ್ಸು.”

ಪಟ್ಟಿಯ ಒಂದು ನಕಲು ಮಾಡಿಕೊಂಡು ತೋರಿಸಲು ಕೂತ. ಅಸ್ಮತ್ ಒಳಗೆ, ವಹೀದ್ ಪರದೆಯ ಪಕ್ಕದಲ್ಲಿ, ಇವನು ಆಜ್ಞೆ ಕೊಟ್ಟ ಕೂಡಲೇ “ಹೂಂ” ಎನ್ನಲಿಕ್ಕೆ. ಮೊದಲ ಸಲ ಯಂತ್ರ ಅಸ್ಮತ್‌ಳನ್ನು ಹಿಡಿದುಬಿಟ್ಟಿತು, ಆಗದು ಎಂದು ತೆರೆಯ ಮೇಲೆ ಬರೆಯಿತು. ಎರಡನೆಯ ಸಲ ಅವಳು ತಡ ಮಾಡಿದಳು. ಮುಚ್ಚಿದ ಮೇಲೆ ಹೋದವಳಿಗೆ ಬರೆಯಲು ಬಿಡಲಿಲ್ಲ. ಶರಣಯ್ಯ ಗಡಿಯಾರ ನೋಡಿದರು. ಈಗ ಅವರ ಕಣ್ಣಲ್ಲಿ ಇವನೂ ಆ ಇಬ್ಬರ ಜೊತೆ ಸೇರಿದ ಮೂರನೆಯವನಾಗುತ್ತಿದ್ದ. ಅದು ಅವನಿಗೆ ಕಾಣುತ್ತಿತ್ತು. ಯಂತ್ರವೂ ಬೇಕೆಂದೇ ನನಗೆ ಹೀಗೆ ಮಾಡುತ್ತಿದೆಯೇ? ಹೋದ ಸಲ ಎರಡು ಭಾನುವಾರ ಹಿಡಿದಿತ್ತು, ಇಲ್ಲಿ ಇರುವುದು ಎರಡು ಗಂಟೆ. ಮೂರನೆಯ ಸಲ, ನಾಲ್ಕನೆಯ ಸಲ, ಐದು, ಆರು. ಏಳನೆಯ ಸಲ ಯಂತ್ರ ಮುಚ್ಚಿದೆ ಎಂದಿತು. ಅದೇ ಹೊತ್ತಿಗೆ ಒಳಗಿನಿಂದ ಅಸ್ಮತ್, “ಬಂತ್ರೀ! ನನ್ನ ತೆರಿ ಮ್ಯಾಲೆ ಹೆಸರ ಬಂತು!” ಎಂದಳು. ಉರುಕುಂದಪ್ಪ ಪಟ್ಟಿ ತೆಗೆದು ತೋರಿಸಿದ, ಮುದುಕಪ್ಪನ ಹೆಸರು ಕೊನೆಯ ಸಾಲಿನಲ್ಲಿತ್ತು. ಹೋಗಿ ಗೋಡೆಯ ಸ್ವಿಚ್ಚು ಆರಿಸಿದ, ಬ್ಯಾಟರಿಯ ತಂತಿ ಕಿತ್ತ, ಮತ್ತೆ ಹಚ್ಚಿದ. ಯಂತ್ರ ಎಚ್ಚರಾದ ಮೇಲೆ ಕೊನೆಯ ಸಾಲು ಖಾಲಿ.

“ವ್ಹಾ!” ಎಂದ ವಹೀದ್, ಬೆಳಗಿನಿಂದ ಹಿಡಿದಿಟ್ಟದ್ದನ್ನೆಲ್ಲ ಒಂದೇ ಸಲ ಬಿಟ್ಟಂತೆ.

ಶರಣಯ್ಯನವರ ಮುಖ ಸಡಿಲಾಯಿತು. ಯಾರ ಮೇಲೂ ಬರೆಯಬೇಕಾಗಿಲ್ಲ ಎನ್ನುವುದು ಅವರಿಗೂ ದೊಡ್ಡ ಭಾರ ಇಳಿದಂತೆ ಇತ್ತು. ಮುದುಕಪ್ಪನನ್ನು ಒಳಗೆ ಕರೆಸಿ, ನಿನ್ನ ಹೆಸರು ಸೇರುತ್ತದೆ, ಯಂತ್ರದ ತಪ್ಪಿನಿಂದ ಬಿಟ್ಟುಹೋಗಿತ್ತು ಎಂದರು. ಮುದುಕಪ್ಪ ಕಂಬಳಿ ಕೆಳಗಿಳಿಸಿ ಯಂತ್ರಕ್ಕೇ ಕೈ ಮುಗಿದ. ಆಮೇಲೆ ಶರಣಯ್ಯ ಉರುಕುಂದಪ್ಪನ ಕೈಗೆ ಒಂದು ಬಿಳಿ ಹಾಳೆ ಕೊಟ್ಟು, ಪಟ್ಟಿಯ ಜೊತೆ ಹೋಗಬೇಕಾದ ಹೇಳಿಕೆಯನ್ನು ತಾವೇ ಹೇಳಿ ಬರೆಸತೊಡಗಿದರು. ಬಿಗಿಯಾದ ಮನುಷ್ಯ, ಎಲ್ಲೂ ಸಂದು ಬಿಡುವವರಲ್ಲ.

“ಬರಿ. ‘ಸದರಿ ಪಟ್ಟಿಯನ್ನು ಮುಚ್ಚುವ ಮೊದಲು ನಾನು ಎಂದಿನಂತೆ ಕೂಗಿ ಕೇಳಿರುತ್ತೇನೆ. ಬೇರೆಯವರು ಬರೆಯುತ್ತಿರುವ ಸಪ್ಪಳ ನನಗೆ’...”

ನನಗೆ ಎಂಬಲ್ಲಿಗೆ ಪೆನ್ನು ನಿಂತಿತು. ನಿನ್ನೆ ಕೂಗಿ ಬಂದು ಕೂತಾಗ ಐದಕ್ಕೆ ಇನ್ನೂ ಎರಡು ನಿಮಿಷ ಇತ್ತು. ಉತ್ತರ ಬಂದಿರಲಿಲ್ಲ, ಸರಿ. ಆಜ್ಞೆಯನ್ನು ಹೊಡೆದು, ಕೊನೆಯ ಕೀಲಿಯೊಂದನ್ನು ಮಾತ್ರ ಉಳಿಸಿಕೊಂಡು ಕೂತಿದ್ದ. ಆಗ ಹಿಂದಿನ ವರಾಂಡದಿಂದ ಆ ಹಳೆಯ ದನಿ, “ಪೋತ್ನಾಳ ಗೇಟಿನ ಮುದುಕಪ್ಪ ಅಂತ ಬರೀಬೇಕ್ರೀ ಯವ್ವಾ” ಎಂದು. ಬಾಗಿಲ ಸದ್ದು. ಕುರ್ಚಿ ಎಳೆದದ್ದು. ಆಮೇಲೆ ಪರದೆಯಾಚೆ ಕೀಲಿಗಳ ಟಕಟಕ, ಮೆಲ್ಲಗೆ, ಎರಡೇ ಬೆರಳಿನಲ್ಲಿ ಹೊಡೆಯುವ ಅಸ್ಮತ್‌ಳ ಟಕಟಕ. ಇನ್ನೊಮ್ಮೆ ಕೂಗಬಹುದಿತ್ತು. ಎರಡು ನಿಮಿಷ ಇತ್ತು. ಅವಳು ಒಳಗೆ ಹೊಕ್ಕಿದ್ದರೆ ಯಂತ್ರವೇ ಆಗದು ಎನ್ನುತ್ತದೆ, ಅದೇ ತೀರ್ಮಾನಿಸಲಿ ಎಂದುಕೊಂಡ. ಹಾಗೆ ಎಂದುಕೊಳ್ಳುವಾಗ ಬಾಲಮ್ಮನ ಹೆಸರು ಅವನಿಗೆ ನೆನಪಿತ್ತು. ನೆನಪಿದ್ದೇ ಒತ್ತಿದ.

“ಕೇಳಿಸಿರುವುದಿಲ್ಲ. ಬರಿ” ಎಂದರು ಶರಣಯ್ಯ.

“ಸಾಹೇಬ್ರ, ನನಗ ಕೇಳಿತ್ತು.”

“ಏನು?”

“ಆಕೀ ಕೀಲಿ ಬಡಿಯೋ ಸಪ್ಪಳ. ಯಾರ ಹೆಸರ ಬರಿಯಾಕತ್ತಾಳ ಅನ್ನೋದೂ ಗೊತ್ತಿತ್ತು. ಗೊತ್ತಾದ ಮ್ಯಾಲೇ ಒತ್ತೀನಿ.”

ಶರಣಯ್ಯ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಹುಚ್ಚ ಹಿಡದದೇನು ನಿನಗ? ಹಂಗ ಬರದ್ರ ಇದು ಯಂತ್ರದ ತಪ್ಪಾಗಲ್ಲ, ನಿಂದಾಗ್ತದ. ಆತನ ಹೆಸರ ಹೆಂಗೂ ಸೇರ್ತದ. ನಿನ್ನ ಹೆಸರಿನ ಮ್ಯಾಲೆ ನಾನಽ ಗೀಟ ಹೊಡೀಬೇಕಾಗ್ತದ. ಹತ್ತ ವರ್ಷ ದುಡದೀಯಲ್ಲೋ!”

ಮುದುಕಪ್ಪ ಒಂದು ಹೆಜ್ಜೆ ಮುಂದೆ ಬಂದಿದ್ದ. ಅವನ ಮುಖದಲ್ಲಿ ಸಿಟ್ಟಿರಲಿಲ್ಲ. ಅರ್ಥವಾಗದೆ ನಿಂತ ಮುಖ ಅದು.

“ಯಾಕ್ರೀ? ನಾ ನಿಮಗ ಏನ್ ಮಾಡಿದ್ದೆ? ನಿಮ್ಮನ್ನ ನಾ ನೋಡಿದ್ದಽ ಇವತ್ತು.”

“ಮಾನಮ್ಮ ಅಂತ. ಗುಂಜಹ್ಳಿ ಮಾನಮ್ಮ” ಎಂದ ಉರುಕುಂದಪ್ಪ. “ಎಪ್ಪತ್ಮೂರರಾಗ ಹೂಳು ತಗಿಯಾಕ ಬಂದಿದ್ಳು. ನೀವು ಹೆಸರ ಕೂಗ್ತಿದ್ರಿ. ಆಕೀ ಒಡ್ಡಿನ ಹಿಂದ ಕೂಸಿಗೆ ಹಾಲ ಕುಡಸಾಕತ್ತಿದ್ಳು, ಅದೀನಿ ಅಂತ ಕೂಗಿದ್ಳು. ನೀವು ನಿಂತ್ರಿ, ಮತ್ತ ಮುಂದಿನ ಹೆಸರಿಗೆ ಹೋದ್ರಿ. ನಮ್ಮವ್ವ ಆಕೀ.”

ಮುದುಕಪ್ಪ ಕಣ್ಣು ಕಿರಿದು ಮಾಡಿ ತುಂಬ ಹೊತ್ತು ಯೋಚಿಸಿದ. ನಿಜವಾಗಿಯೂ ಯೋಚಿಸುತ್ತಿದ್ದ, ಒಳಗೆಲ್ಲೋ ಆ ಮುನ್ನೂರು ಹೆಸರುಗಳ ಸಾಲನ್ನು ಮತ್ತೆ ಮೊದಲಿಂದ ಕೂಗಿಕೊಳ್ಳುತ್ತಿದ್ದ, ತುಟಿಗಳು ಅಲುಗುತ್ತಿದ್ದವು.

“ನೆನಪಿಲ್ಲಪಾ” ಎಂದ ಕೊನೆಗೆ. “ಗುಂಜಹ್ಳಿ ಮಂದಿ ಬರ್ತಿದ್ರು, ಹೌದು. ಮಾನಮ್ಮ ಅಂತ ಮೂವರಿದ್ರು. ಯಾಕಿ ನಿಮ್ಮವ್ವನೋ ನನಗ ಗೊತ್ತಿಲ್ಲ. ಸುಳ್ಳ ಯಾಕ ಹೇಳ್ಲಿ?”

ಇಲ್ಲ ಎಂದಿದ್ದರೆ, ಜಗಳಕ್ಕೆ ಬಂದಿದ್ದರೆ, ನಿನ್ನಂಥವರು ಎಂದಿದ್ದರೆ ಅದಕ್ಕೆಲ್ಲ ಉರುಕುಂದಪ್ಪನ ಬಳಿ ಹದಿನೈದು ವರ್ಷದಿಂದ ಮಸೆದಿಟ್ಟ ಮಾತುಗಳಿದ್ದವು. ಇದಕ್ಕೆ ಇರಲಿಲ್ಲ. ಬೆಳಗಿನ ನಮಸ್ಕಾರದಲ್ಲಿ ಕೊಂಕಿರಲಿಲ್ಲ. ಕಚೇರಿಯ ಯಾರಿಗೋ ಮಾಡಿದ ನಮಸ್ಕಾರ ಅದು. ಅವನಿಗೆ ನಾಚಿಕೆಯಾಯಿತು, ಅದರ ಕೂಡೆಯೇ ಅವ್ವನಿಗಾಗಿ ಕೆಟ್ಟ ಸಂಕಟವಾಯಿತು. ಮೂವರಲ್ಲಿ ಒಬ್ಬಳೂ ಆಗದೆ ಹೋದಳಲ್ಲ.

ಮುದುಕಪ್ಪ ಸಾಹೇಬರ ಕಡೆ ತಿರುಗಿದ.

“ಸಾಹೇಬ್ರ, ಆತಗ ಕೇಳಿಲ್ಲಂತ ಬರಸ್ರಿ. ಹೋಗ್ಲಿ ಬಿಡ್ರಿ. ಹೆಸರ ಕೂಗೋ ಹೊತ್ತಿನ್ಯಾಗ ನನಗೂ ಎಷ್ಟೋ ಸಲ ಕೇಳಿಲ್ಲ.”

“ಕೇಳ್ದ್ಯಾ?” ಎಂದರು ಶರಣಯ್ಯ. “ಆತಽ ಬ್ಯಾಡ ಅನ್ನಾಕತ್ಯಾನ. ಬರಿ ಮತ್ತ, ಟೈಮಿಲ್ಲ.” ವಹೀದ್ ತಲೆದೂಗಿದ. ಪರದೆಯಾಚೆಯಿಂದಲೂ, “ಹಂಗಽ ಬರೀರಿ ಭಾಯಿ” ಎಂದು ಮೆಲ್ಲಗೆ ಬಂತು. ಎಲ್ಲರೂ ಅವನ ಮೇಲೆ ದಯೆ ತೋರಿಸುತ್ತಿದ್ದರು. ನನಗೂ ಎಷ್ಟೋ ಸಲ ಕೇಳಿಲ್ಲ. ಆ ಮಾತನ್ನು ಮುದುಕಪ್ಪ ಹೇಳಿದ ರೀತಿ, ಹೇಳಿ ಮುಖ ಆಚೆ ತಿರುಗಿಸಿದ ರೀತಿಯನ್ನು ಉರುಕುಂದಪ್ಪ ಕಂಡ. ನಾಳೆಯಿಂದ ಏನು, ಮನೆಯಲ್ಲಿ ಏನು ಹೇಳುವುದು, ಒಂದೂ ತಿಳಿಯಲಿಲ್ಲ. ಹಾಳೆಯ ಮೇಲೆ ಬಗ್ಗಿ ನನಗೆ ಎಂಬುದರ ಮುಂದೆ ಬರೆದ, ಕೆಳಗೆ ಸಹಿ ಹಾಕಿದ.

“ಏನ್ ಬರದ್ರಿ?” ಎಂದ, ಓದು ಬಾರದ ಮುದುಕಪ್ಪ.

“ನನಗೆ ಕೇಳಿಸಿತ್ತು” ಎಂದು ಉರುಕುಂದಪ್ಪ ದೊಡ್ಡ ದನಿಯಲ್ಲಿ ಓದಿ ಹೇಳಿದ.